ನೋಂಪಿಯ ಉಜ್ಜವಣೆಯೂ ಹೆಣ್ಣುಮಕ್ಕಳ ಉನ್ನತ ವಿದ್ಯೆಯೂ



ನೋಂಪಿಯನ್ನು ಹಿಡಿಯುವುದಕ್ಕೆ ಶ್ರದ್ಧೆ ಸಾಕು, ನಡೆಸುವುದಕ್ಕೆ ದೃಢತೆ ಬೇಕು. ಆದರೆ ಅದನ್ನು ಮುಗಿಸುವ ಹೊತ್ತಿಗೆ, ಅಂದರೆ ಉಜ್ಜವಣೆಯ ಕಾಲಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ವಿವೇಕ ಬೇಕಾಗುತ್ತದೆ. ಉಪವಾಸದ ವಿಧಿಯನ್ನು ಕುರಿತು ಈ ಪತ್ರಿಕೆಯ ಪುಟಗಳಲ್ಲಿ ಪೂಜ್ಯರೂ ಪಂಡಿತರೂ ಸಾಕಷ್ಟು ವಿವರಿಸಿದ್ದಾರೆ. ಉಜ್ಜವಣೆಯ ದ್ರವ್ಯವು ಎತ್ತ ಹರಿಯಬೇಕೆಂಬ ವಿಷಯದಲ್ಲಿ ಮಾತ್ರ ನಾವು ಅಷ್ಟಾಗಿ ವಿಚಾರಿಸಿದಂತೆ ಕಾಣುವುದಿಲ್ಲ. ಶ್ರುತಪಂಚಮಿಯನ್ನು ನೆನೆದು, ಈ ಒಂದು ವಿಷಯವನ್ನು ತಮ್ಮ ಮುಂದೆ ಅರಿಕೆ ಮಾಡುತ್ತಿದ್ದೇನೆ.

ನೋಂಪಿಯ ಕಥೆಗಳನ್ನು ಕೇಳುತ್ತ ಬೆಳೆದವರಿಗೆಲ್ಲ ತಿಳಿದಿರುವಂತೆ, ಪ್ರತಿಯೊಂದು ನೋಂಪಿಯ ಕೊನೆಗೂ ಉಜ್ಜವಣೆಯ ಕ್ರಮ ಬರುತ್ತದೆ. ಜಿನಾಭಿಷೇಕ, ವಿಧಾನಪೂಜೆ, ಚತುಸ್ಸಂಘಕ್ಕೆ ಆಹಾರ, ಮುನಿಗಳಿಗೆ ಶಾಸ್ತ್ರ, ಆರ್ಯಿಕೆಯರಿಗೆ ವಸ್ತ್ರ, ಬಸದಿಗೆ ಉಪಕರಣ, ಹೀಗೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ಉಜ್ಜವಣೆ ಮಾಡುವ ಶಕ್ತಿಯಿಲ್ಲದವರು ಅದೇ ನೋಂಪಿಯನ್ನು ಇಮ್ಮಡಿಯಾಗಿ ಆಚರಿಸಬೇಕು. ಈ ಮಾತನ್ನು ನಾವು ಬಡವರಿಗೆ ಕೊಟ್ಟ ರಿಯಾಯಿತಿಯೆಂದು ಭಾವಿಸಿ ಮುಂದೆ ಸಾಗಿಬಿಡುತ್ತೇವೆ. ಸ್ವಲ್ಪ ನಿಂತು ಲೆಕ್ಕ ಹಾಕಿ ನೋಡಬೇಕು. ಅನಂತನ ನೋಂಪಿ 14 ವರ್ಷಗಳದ್ದು. ಉಜ್ಜವಣೆಗೆ ಗತಿಯಿಲ್ಲದ ಶ್ರಾವಿಕೆ ಅದನ್ನು 28 ವರ್ಷ ನಡೆಸಬೇಕು. ಅಂದಮೇಲೆ ಶಾಸ್ತ್ರಕಾರರ ತಕ್ಕಡಿಯಲ್ಲಿ ಒಂದು ಉಜ್ಜವಣೆಯ ತೂಕ 14 ವರ್ಷಗಳ ಉಪವಾಸದ ತೂಕಕ್ಕೆ ಸಮವಾಯಿತು! ಅಷ್ಟು ತೂಕದ ಕಾರ್ಯವನ್ನು ನಾವು ಇಂದು ಹೇಗೆ ನೆರವೇರಿಸುತ್ತಿದ್ದೇವೆ? ಪೂಜೆ, ಸ್ವಾಧ್ಯಾಯ, ಆಹಾರದಾನಗಳ ಮಾತು ಬೇರೆ; ಅವು ಇರಬೇಕಾದುವೇ. ಆದರೆ ಚಪ್ಪರ, ವಿದ್ಯುದ್ದೀಪಾಲಂಕಾರ, ಧ್ವನಿವರ್ಧಕ, ದಾನಿಗಳ ಭಾವಚಿತ್ರದ ಫಲಕ, ಬಂದವರಿಗೆಲ್ಲ ಹೆಸರು ಕೊರೆಯಿಸಿದ ಸ್ಟೀಲಿನ ಪಾತ್ರೆ ಇವುಗಳ ವೆಚ್ಚವೇ ಪೂಜಾದ್ರವ್ಯದ ಹಲವು ಮಡಿಯಾಗಿ ನಿಲ್ಲುತ್ತದೆ. ಈಗಾಗಲೇ ಅಟ್ಟದ ತುಂಬ ಪಾತ್ರೆಗಳಿರುವ ಮನೆಗೆ ಇನ್ನೊಂದು ಪಾತ್ರೆ ಹೋಗಿ ಸೇರುತ್ತದೆ. ಅದರಲ್ಲಿ 14 ವರ್ಷಗಳ ಉಪವಾಸದ ತೂಕ ಎಲ್ಲಿದೆ ಎಂದು ಕೇಳಿದರೆ ಯಾರೂ ಮುನಿಯಬಾರದು.

ಪೂರ್ವದ ಶ್ರಾವಿಕೆಯರು ಉಜ್ಜವಣೆಯನ್ನು ಹೇಗೆ ಮಾಡಿದರೆಂಬುದಕ್ಕೆ ಮೂಡಬಿದಿರೆಯಲ್ಲಿ ಸಾಕ್ಷಿಯಿದೆ. ಧರಸೇನಾಚಾರ್ಯರಿಂದ ಕೇಳಿ ಪುಷ್ಪದಂತ ಭೂತಬಲಿಗಳು ರಚಿಸಿದ ಷಟ್ಖಂಡಾಗಮವೂ, ಅದರ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯೂ ಭರತಖಂಡದ ಬೇರಾವ ಭಂಡಾರದಲ್ಲಿಯೂ ಪ್ರಾಚೀನ ಪ್ರತಿಗಳಾಗಿ ಉಳಿಯದೆ, ಮೂಡಬಿದಿರೆಯಲ್ಲಿ ಮಾತ್ರ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುವು. ಆ ಪ್ರತಿಗಳಿಂದ ಹೊರಟ ಪಾಠವೇ 1939ರಲ್ಲಿ ಡಾಕ್ಟರ್ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮುದ್ರಣವಾಗತೊಡಗಿ ಲೋಕಕ್ಕೆ ದೊರೆಯಿತು. ಇಷ್ಟು ಎಲ್ಲರೂ ಬಲ್ಲರು. ಆ ಗರಿಗಳನ್ನು ಬರೆಯಿಸಿದವರು ಯಾರು ಎಂಬುದನ್ನು ಎಷ್ಟು ಮಂದಿ ಬಲ್ಲರೋ ಕಾಣೆ. ಧವಲೆಯ ಪ್ರತಿಯ ಪ್ರಶಸ್ತಿಯು ಹೇಳುವಂತೆ, ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆಯಾದ ದೇಮಿಯಕ್ಕನು ತನ್ನ ಶ್ರುತಪಂಚಮಿ ನೋಂಪಿಯ ಉಜ್ಜವಣೆಯಲ್ಲಿ ಅದನ್ನು ಬರೆಯಿಸಿ ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯೆಂಬ ಶ್ರಾವಿಕೆಯು ಶ್ರೀಪಂಚಮಿಯ ನೋಂಪಿಯನ್ನು ಮುಗಿಸಿ ಉಜ್ಜವಣೆಯಲ್ಲಿ ಬರೆಯಿಸಿ ಮಾಘನಂದಿ ಯತಿಗಳಿಗೆ ಕೊಟ್ಟಳು. ಇಬ್ಬರೂ ಹೆಂಗಸರು, ಇಬ್ಬರದೂ ಉಜ್ಜವಣೆಯ ದ್ರವ್ಯ. ತಾಳೆಗರಿಯನ್ನು ಹದಮಾಡಿಸಿ, ಬಲ್ಲ ಲಿಪಿಕಾರರನ್ನು ಕರೆಸಿ, ಅವರ ಕುಟುಂಬದ ಯೋಗಕ್ಷೇಮ ನೋಡಿಕೊಂಡು, ಅಷ್ಟು ವಿಸ್ತಾರವಾದ ಗ್ರಂಥವನ್ನು ಅಕ್ಷರ ತಪ್ಪದಂತೆ ಬರೆಯಿಸುವುದಕ್ಕೆ ಎಷ್ಟು ಕಾಲ, ಎಷ್ಟು ಹೊನ್ನು ಬೇಕಾಯಿತೆಂಬುದನ್ನು ನಾವು ಊಹಿಸಬಹುದು. ಆ ಇಬ್ಬರು ತಾಯಂದಿರು ತಮ್ಮ ಹೊನ್ನನ್ನು ಭೋಜನ ಸಂಭ್ರಮಗಳಲ್ಲಿ ಮುಗಿಸಿದ್ದರೆ ಇಂದು ಜಿನಾಗಮದ ಆ ಭಾಗ ನಮ್ಮ ಪಾಲಿಗೆ ಇರುತ್ತಿತ್ತೋ ಇಲ್ಲವೋ!

ಅವರಿಗಿಂತ ಸ್ವಲ್ಪ ಹಿಂದಿನವಳಾದ ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಪತಿ ನಾಗದೇವನು ಯುದ್ಧದಲ್ಲಿ ಅಳಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು; ಅತ್ತಿಮಬ್ಬೆ ಮಗನಿಗಾಗಿ ಉಳಿದು, ವ್ರತೋಪವಾಸಗಳಲ್ಲಿ ದೇಹವನ್ನು ದಂಡಿಸುತ್ತ ಧರ್ಮಕ್ಕಾಗಿ ಬದುಕಿದಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು. 1007ರ ಲಕ್ಕುಂಡಿಯ ಬಸದಿಯೂ ಅವಳದೇ. ವಿಧವೆಯಾದವಳು ಮೂಲೆ ಹಿಡಿಯಬೇಕೆಂದು ಲೋಕ ಹೇಳುತ್ತಿದ್ದ ಕಾಲದಲ್ಲಿ ಅವಳು ಒಂದು ಭಾಷೆಯ ಸಾಹಿತ್ಯವನ್ನೇ ಕೈಹಿಡಿದು ನಡೆಸಿದಳು.

ಇಂದು ಗ್ರಂಥಕ್ಕೆ ಬರವಿಲ್ಲ. ಮುದ್ರಣಯಂತ್ರ ಬಂದು ಎಷ್ಟೋ ಕಾಲವಾಯಿತು. ಉಜ್ಜವಣೆಗಳಲ್ಲಿ ಪುಸ್ತಕ ಅಚ್ಚುಮಾಡಿಸಿ ಹಂಚುವ ಒಳ್ಳೆಯ ಪದ್ಧತಿಯೂ ನಮ್ಮಲ್ಲಿದೆ. ಆದರೆ ಯಾವುದೇ ಊರಿನ ಬಸದಿಯ ಶಾಸ್ತ್ರದ ಕಪಾಟನ್ನು ತೆರೆದು ನೋಡಿ. ಧವಲೆಯ ಸಂಪುಟಗಳು ಇದ್ದರೆ ಅವುಗಳ ಹಾಳೆ ಇನ್ನೂ ಬಿಡಿಸದೆ ಇರುತ್ತವೆ. ಪ್ರಾಕೃತ ಬಲ್ಲವರು, ಸಂಸ್ಕೃತ ಬಲ್ಲವರು, ಪಂಪ ಪೊನ್ನ ರನ್ನರ ಹಳಗನ್ನಡವನ್ನು ಟೀಕೆಯ ಸಹಾಯವಿಲ್ಲದೆ ಓದಬಲ್ಲವರು ಊರಿಗೊಬ್ಬರು ಸಿಗುವುದೂ ದುರ್ಲಭ. ಅಂದು ಓದುವವರಿದ್ದರು, ಪ್ರತಿ ವಿರಳವಾಗಿತ್ತು. ಇಂದು ಪ್ರತಿಯಿದೆ, ಓದುವವರು ವಿರಳ. ದೇಮಿಯಕ್ಕನು ಇಂದು ನೋಂಪಿ ನೋಂತಿದ್ದರೆ ಏನನ್ನು ಬರೆಯಿಸುತ್ತಿದ್ದಳು? ನನ್ನ ಅಲ್ಪಮತಿಗೆ ತೋರುವುದಿಷ್ಟೆ: ಅವಳು ಒಬ್ಬ ಓದುಗಳನ್ನು ಸಿದ್ಧಪಡಿಸುತ್ತಿದ್ದಳು.

ಬೆಳಗಾವಿ ಜಿಲ್ಲೆಯ ಸದಲಗೆಯಲ್ಲಿ 1906ರಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆಯವರು ಪ್ರಾಕೃತ ವಿದ್ಯೆಯಲ್ಲಿ ಜಗತ್ತೇ ತಲೆದೂಗುವಂತೆ ಬೆಳೆದು, ಕೊನೆಯ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಪ್ರಾಕೃತಗಳ ಅಧ್ಯಯನಕ್ಕೆ ನೆಲೆ ಹಾಕಿಕೊಟ್ಟರು. ಶ್ರವಣಬೆಳಗೊಳದಲ್ಲಿ ಪ್ರಾಕೃತ ಅಧ್ಯಯನ ಸಂಶೋಧನ ಸಂಸ್ಥೆಯಿದೆ. ಆರ್ಯಿಕಾ ಜ್ಞಾನಮತಿ ಮಾತಾಜಿಯವರು ಅಷ್ಟಸಹಸ್ರಿಯಂಥ, ಪಂಡಿತರೇ ಕಷ್ಟಸಹಸ್ರಿಯೆಂದು ಕೈಮುಗಿಯುವ ಗ್ರಂಥವನ್ನು ಹಿಂದಿಗೆ ತಂದರು. ಸ್ತ್ರೀಯರ ಬುದ್ಧಿಗೆ ಅದು ನಿಲುಕದೆಂದು ಇನ್ನು ಯಾರು ಹೇಳಬೇಕು? ಬಾಗಿಲು ತೆರೆದಿದೆ. ಬಾಗಿಲವರೆಗೆ ಬರಲು ನಮ್ಮ ಹಳ್ಳಿಯ ಹುಡುಗಿಗೆ ದಾರಿಯ ಬುತ್ತಿ ಇಲ್ಲ.

ಈ ಮಾತಿಗೆ ಒಂದು ಆಕ್ಷೇಪವನ್ನು ನಾನು ಅನೇಕ ಸಲ ಕೇಳಿದ್ದೇನೆ. ಪ್ರಾಕೃತ ಓದುವವಳಿಗೆ ಕೊಡುವುದು ಶಾಸ್ತ್ರದಾನವೆಂದು ಒಪ್ಪೋಣ; ರಸಾಯನಶಾಸ್ತ್ರ, ವೈದ್ಯ, ನ್ಯಾಯಶಾಸ್ತ್ರ, ವಾಣಿಜ್ಯ ಓದುವವಳಿಗೆ ಕೊಡುವುದು ಯಾವ ದಾನ? ಅದು ಲೌಕಿಕ, ಸಂಸಾರವರ್ಧಕ; ನೋಂಪಿಯ ದ್ರವ್ಯವನ್ನು ಅದಕ್ಕೆ ಹಾಕುವುದು ಸರಿಯೇ? ಪ್ರಶ್ನೆ ಕ್ಷುಲ್ಲಕವಲ್ಲ, ಉತ್ತರವನ್ನೂ ಶಾಸ್ತ್ರದಿಂದಲೇ ಹೇಳಬೇಕು.

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಆದಿದೇವನು ಮಕ್ಕಳಿಗೆ ವಿದ್ಯೆ ಕಲಿಸಿದ ಪ್ರಸಂಗವನ್ನು ನೆನೆಯಿರಿ. ಮೊದಲು ಕಲಿತವರು ಭರತನೂ ಅಲ್ಲ, ಬಾಹುಬಲಿಯೂ ಅಲ್ಲ. ಬ್ರಾಹ್ಮಿ ಸುಂದರಿಯರಿಬ್ಬರನ್ನು ಹತ್ತಿರ ಕುಳ್ಳಿರಿಸಿಕೊಂಡು, ಬಲಗೈಯಿಂದ ಬ್ರಾಹ್ಮಿಗೆ ಅಕ್ಷರಗಳನ್ನೂ ಎಡಗೈಯಿಂದ ಸುಂದರಿಗೆ ಅಂಕಗಳನ್ನೂ ಬರೆದು ತೋರಿಸಿದನು. ವಿದ್ಯೆಯಿಂದ ಸ್ತ್ರೀಯು ಸ್ತ್ರೀಸಮೂಹದಲ್ಲಿ ಅಗ್ರಪದವಿಗೆ ಏರುವಳೆಂದು ಅವರಿಗೆ ಬುದ್ಧಿ ಹೇಳಿದನು. ಗಂಡುಮಕ್ಕಳ ಸರದಿ ಬಂದುದು ಆಮೇಲೆ. ಅವರಿಗೆ ಕಲಿಸಿದುದಾದರೂ ಏನು? ಭರತನಿಗೆ ಅರ್ಥಶಾಸ್ತ್ರ, ನೃತ್ಯಶಾಸ್ತ್ರ, ವೃಷಭಸೇನನಿಗೆ ಸಂಗೀತ, ಅನಂತವಿಜಯನಿಗೆ ಚಿತ್ರಕಲೆ, ಬಾಹುಬಲಿಗೆ ಆಯುರ್ವೇದ, ಧನುರ್ವೇದ, ರತ್ನಪರೀಕ್ಷೆ. ಇವೆಲ್ಲ ಲೌಕಿಕ ವಿದ್ಯೆಗಳೇ. ತೀರ್ಥಂಕರನಾಗಲಿರುವ ಜೀವವು ಗೃಹಸ್ಥಾಶ್ರಮದಲ್ಲಿದ್ದು ಇವನ್ನು ಕಲಿಸಿತೇ ಹೊರತು ತ್ಯಾಜ್ಯವೆನ್ನಲಿಲ್ಲ. ಲಿಪಿಯನ್ನೂ ಅಂಕವನ್ನೂ ಕಲಿತ ಆ ಹೆಣ್ಣುಮಕ್ಕಳಿಬ್ಬರೂ ಮುಂದೆ ದೀಕ್ಷೆ ಕೊಂಡು, ಬ್ರಾಹ್ಮಿಯು ಆರ್ಯಿಕೆಯರಿಗೆ ಮುಖ್ಯಳಾದಳು. ವಿದ್ಯೆಯು ಅವರನ್ನು ಧರ್ಮದಿಂದ ದೂರ ಒಯ್ಯಲಿಲ್ಲ.

ಇನ್ನು ಇದು ಯಾವ ದಾನ ಎಂಬುದು. ನಾವು ಸಾಮಾನ್ಯವಾಗಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕನ್ನೇ ಎಣಿಸುತ್ತೇವೆ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ ಔಷಧಗಳ ಜೊತೆಗೆ ಉಪಕರಣ, ಆವಾಸ ಎಂದು ಹೇಳಿ, ಶ್ರೀಷೇಣ, ವೃಷಭಸೇನೆ, ಕೌಂಡೇಶ, ಒಂದು ಹಂದಿ ಇವರನ್ನು ದೃಷ್ಟಾಂತವಾಗಿ ಹೆಸರಿಸಿದ್ದಾರೆ. ಕೌಂಡೇಶನು ಹಿಂದಿನ ಭವದಲ್ಲಿ ಗೋವಿಂದನೆಂಬ ದನಗಾಹಿ. ಮರದ ಪೊಟರೆಯಲ್ಲಿ ಸಿಕ್ಕ ಶಾಸ್ತ್ರಗ್ರಂಥವನ್ನು ಭಕ್ತಿಯಿಂದ ಪೂಜಿಸಿ ಮುನಿಗಳಿಗೆ ಒಪ್ಪಿಸಿದನು. ಅವನಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಓದುಬಾರದವನು ಓದುವವರ ಕೈಗೆ ಗ್ರಂಥವನ್ನು ಸೇರಿಸಿದನು, ಆ ಪುಣ್ಯದಿಂದ ಮುಂದಿನ ಭವದಲ್ಲಿ ಶ್ರುತದ ಪಾರಂಗತನಾದನು. ಅಕ್ಷರ ಬಾರದ ಅಜ್ಜಿಯರು ಮೊಮ್ಮಗಳ ಓದಿಗೆ ಗಂಟು ಬಿಚ್ಚಿದುದನ್ನು ಕಂಡಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ.

ಆದರೆ ಈ ಚತುರ್ವಿಧ ದಾನ ಮುಖ್ಯವಾಗಿ ತ್ಯಾಗಿಗಳನ್ನು ಉದ್ದೇಶಿಸಿದ್ದು. ವಿದ್ಯಾರ್ಥಿನಿಗೆ ಅದನ್ನು ಎಳೆದು ಹೊಂದಿಸುವುದು ನನಗೆ ಇಷ್ಟವಿಲ್ಲ. ಎಳೆಯಬೇಕಾದುದೂ ಇಲ್ಲ. ಜಿನಸೇನಾಚಾರ್ಯರೇ ಆದಿಪುರಾಣದಲ್ಲಿ ದತ್ತಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ. ಭಯದಲ್ಲಿಯೂ ದೈನ್ಯದಲ್ಲಿಯೂ ಇರುವ ಯಾವ ಪ್ರಾಣಿಗಾದರೂ ಅನುಕಂಪದಿಂದ ಮಾಡುವುದು ದಯಾದತ್ತಿ. ತಪಸ್ವಿಗಳಿಗೆ ಪೂಜಾಪೂರ್ವಕ ಕೊಡುವುದು ಪಾತ್ರದತ್ತಿ. ತನ್ನಂತೆಯೇ ಕ್ರಿಯೆ ಮಂತ್ರ ವ್ರತಗಳುಳ್ಳ ಸಹಧರ್ಮಿ ಗೃಹಸ್ಥನಿಗೆ, ಸಮಾನನೆಂಬ ಗೌರವದಿಂದ ಭೂಮಿ ಸುವರ್ಣಾದಿಗಳನ್ನು ಕೊಡುವುದು ಸಮದತ್ತಿ. ತನ್ನ ವಂಶ ನಿಲ್ಲುವುದಕ್ಕಾಗಿ ಧನ ಧರ್ಮಗಳೊಡನೆ ಕುಟುಂಬವನ್ನು ಪುತ್ರನಿಗೆ ಒಪ್ಪಿಸುವುದು ಅನ್ವಯದತ್ತಿ. (2005ರ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕಾನೂನು ಕೊಟ್ಟಿದೆ, ಅದು ಜೈನರಿಗೂ ಅನ್ವಯಿಸುತ್ತದೆ, ಎಷ್ಟು ಮನೆಗಳಲ್ಲಿ ಅದು ನಡೆಯುತ್ತಿದೆಯೆಂಬ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ.)

ನಮ್ಮ ಸಮಾಜದ ಹುಡುಗಿಯೊಬ್ಬಳಿಗೆ ಸ್ನಾತಕೋತ್ತರ ವಿದ್ಯೆಗಾಗಿ ಕೊಡುವ ವೇತನವು ಸಮದತ್ತಿ. ಹೀಗೆಂದು ಗುರುತಿಸಿದೊಡನೆ ಎಷ್ಟೋ ಗಂಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಅವಳು ಭಿಕ್ಷುಕಿಯಲ್ಲ, ನಮ್ಮ ಅನುಕಂಪಕ್ಕೆ ಪಕ್ಕಾಗಬೇಕಾದ ದೀನಳಲ್ಲ, ನಮ್ಮ ಸಮಾನಳು. ಅವಳ ತಾಯಿಯೂ ನಮ್ಮ ಮನೆಯ ತಾಯಿಯ ಹಾಗೆಯೇ ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವವಳು. ಒಬ್ಬಳ ಮನೆಯಲ್ಲಿ ಉಜ್ಜವಣೆಗೆ ಹಣವಿದೆ, ಇನ್ನೊಬ್ಬಳ ಮನೆಯಲ್ಲಿ ಇಲ್ಲ, ಭೇದ ಇಷ್ಟೇ. ಸಮಾನಳಿಗೆ ಕೊಡುವಾಗ ಕೈ ಮೇಲಿರುವುದಿಲ್ಲ, ಎದುರಿಗಿರುತ್ತದೆ. ಅನ್ಯ ಸಮಾಜದ ಬಡ ವಿದ್ಯಾರ್ಥಿನಿಯರಿಗೂ ನಾವು ನೆರವಾಗಬೇಕು. ಅದಕ್ಕೆ ದಯಾದತ್ತಿಯ ಬಾಗಿಲು ಇದ್ದೇ ಇದೆ, ಅದಕ್ಕೆ ಕುಲಗೋತ್ರಗಳ ಎಲ್ಲೆಯೇ ಇಲ್ಲ.

ನಾನು ಶಾಲೆಯಲ್ಲಿದ್ದಾಗ ಪಾಠ ಹೇಳಿದ ಹುಡುಗಿಯೊಬ್ಬಳ ಸಂಗತಿಯನ್ನು, ಊರು ಹೆಸರುಗಳನ್ನು ಬಿಟ್ಟು, ಹೇಳುತ್ತೇನೆ. ತಂದೆಗೆ ಎರಡು ಎಕರೆ ಖುಷ್ಕಿ. ಮಗಳು ಬಿ.ಎಸ್ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ, ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಆಯ್ಕೆಯಾದಳು. ಶುಲ್ಕವನ್ನು ಹೇಗೋ ಹೊಂದಿಸಿದರು. ವಿದ್ಯಾರ್ಥಿನಿಲಯದ ಠೇವಣಿ, ಊಟದ ಮುಂಗಡ, ಹೋಗಿಬರುವ ಖರ್ಚು ಇವು ಹೊಂದಲಿಲ್ಲ. ಸೇರುವ ಕೊನೆಯ ದಿನ ದಾಟಿತು. ಅದೇ ಭಾದ್ರಪದದಲ್ಲಿ, ಅದೇ ಓಣಿಯಲ್ಲಿ, ಅನಂತನ ನೋಂಪಿಯ ಉಜ್ಜವಣೆಯಾಯಿತು. ಚೆನ್ನಾಗಿಯೇ ಆಯಿತು. ಅಂಗಳದಲ್ಲಿ ರಂಗವಲ್ಲಿ ಹಾಕಿದವಳು ಆ ಹುಡುಗಿಯೇ. ಪಂಕ್ತಿಯಲ್ಲಿ ಬಡಿಸಿದವಳೂ ಅವಳೇ. ಮನೆಗೆ ಹೋಗುವಾಗ ಅವಳ ಕೈಗೂ ಒಂದು ಪಾತ್ರೆ ಬಂತು. ಆ ಮನೆಯವರು ಕೃಪಣರಲ್ಲ, ಕಠಿಣ ಮನಸ್ಸಿನವರೂ ಅಲ್ಲ. ತಿಳಿದಿದ್ದರೆ ಖಂಡಿತ ಕೊಡುತ್ತಿದ್ದರು. ಕೇಳುವ ಬಾಯಿ ಅವಳಿಗಿರಲಿಲ್ಲ. ಅವಳನ್ನು ಕೇಳಿ ತಿಳಿಯಬೇಕೆಂಬ ವಿಧಿ ಅವರ ಉಜ್ಜವಣೆಯ ಪಟ್ಟಿಯಲ್ಲಿರಲಿಲ್ಲ. ನಮ್ಮ ಲೋಪವೆಲ್ಲ ಇಲ್ಲಿಯೇ ಇದೆ. ಲೋಭ ಇಲ್ಲದ ಮನೆಯಲ್ಲಿಯೂ ವಿಧಿ ಇಲ್ಲದಿದ್ದರೆ ದ್ರವ್ಯ ಹರಿಯಬೇಕಾದ ಕಡೆಗೆ ಹರಿಯದು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರ ಇವುಗಳ ವಿಶೇಷದಿಂದ ಬೇರೆಬೇರೆಯಾಗುತ್ತದೆಂದು ಹೇಳಿದ್ದಾರೆ. ಅದಕ್ಕಿಂತ ಸ್ವಲ್ಪ ಮೊದಲೇ ಅತಿಥಿಸಂವಿಭಾಗ ವ್ರತದ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಮೊದಲೆರಡು ಆಹಾರಕ್ಕೇ ಸಂಬಂಧಿಸಿದವು. ಉಳಿದ ಮೂರು, ಪರವ್ಯಪದೇಶ, ಮಾತ್ಸರ್ಯ, ಕಾಲಾತಿಕ್ರಮ, ವಿದ್ಯಾರ್ಥಿವೇತನ ಕೊಡುವ ಪ್ರತಿಯೊಂದು ಮಂಡಳಿಯ ಗೋಡೆಯ ಮೇಲೆ ಬರೆಯಿಸಿಡಲು ತಕ್ಕವು. ಕಾಲಾತಿಕ್ರಮವೆಂದರೆ ಕೊಡಬೇಕಾದ ಹೊತ್ತು ಮೀರಿ ಕೊಡುವುದು. ಮುನಿಗಳ ಆಹಾರದ ವೇಳೆ ದಾಟಿದ ಮೇಲೆ ಅಡಿಗೆ ಸಿದ್ಧಪಡಿಸಿದರೆ ಏನು ಪ್ರಯೋಜನ? ಶುಲ್ಕ ಕಟ್ಟುವ ದಿನ ಆಷಾಢ ಶ್ರಾವಣಗಳಲ್ಲಿ ಮುಗಿದುಹೋದ ಮೇಲೆ, ವಾರ್ಷಿಕೋತ್ಸವದ ವೇದಿಕೆ ಸಿದ್ಧವಾಗುವ ಮಾಘಮಾಸದಲ್ಲಿ ಕೊಡುವ ವೇತನವೂ ಹಾಗೆಯೇ. ಸಾಲ ಮಾಡಲು ಗತಿಯಿದ್ದ ಹುಡುಗಿಗೆ ಅದರಿಂದ ಬಡ್ಡಿ ತೀರೀತು. ಗತಿಯಿಲ್ಲದವಳು ಆ ವೇಳೆಗೆ ಮನೆಯಲ್ಲಿ ಕುಳಿತಿರುತ್ತಾಳೆ. ಮಾತ್ಸರ್ಯವೆಂದರೆ ಆದರವಿಲ್ಲದೆ, ಇನ್ನೊಬ್ಬ ದಾನಿಯ ಮೇಲಣ ಪೈಪೋಟಿಯಿಂದ ಕೊಡುವುದು. ಪರವ್ಯಪದೇಶವನ್ನು ಟೀಕಾಕಾರರು ಬೇರೆಬೇರೆಯಾಗಿ ವಿವರಿಸುತ್ತಾರೆ. ಇನ್ನೊಬ್ಬರ ದ್ರವ್ಯವನ್ನು ಮುಂದಿಟ್ಟು ಹೆಸರನ್ನು ತಾನು ಪಡೆಯುವುದೂ ಅದರ ಹತ್ತಿರದ್ದೇ ಎಂದು ನಾನು ತಿಳಿದಿದ್ದೇನೆ.

ವೇದಿಕೆಯ ಮೇಲೆ ಹುಡುಗಿಯನ್ನು ನಿಲ್ಲಿಸಿ, ಅವಳ ತಂದೆಯ ಬಡತನವನ್ನು ಧ್ವನಿವರ್ಧಕದಲ್ಲಿ ಸಾರಿ, ದೊಡ್ಡ ಅಕ್ಷರದ ಚೆಕ್ಕನ್ನು ಹಿಡಿಸಿ ಭಾವಚಿತ್ರ ತೆಗೆಯಿಸುವ ಪದ್ಧತಿಯನ್ನು ದಯವಿಟ್ಟು ಕೈಬಿಡಬೇಕು. ಇಪ್ಪತ್ತೆರಡರ ಹರೆಯದ ಹುಡುಗಿಗೆ ಅದು ಎಂಥ ಸಂಕೋಚವೆಂಬುದನ್ನು ಗಂಡಸರು ಅರಿಯದಿದ್ದರೆ ಮನೆಯ ಹೆಂಗಸರನ್ನು ಕೇಳಬೇಕು. ಸಮದತ್ತಿಯಲ್ಲಿ ಪ್ರದರ್ಶನಕ್ಕೆ ಎಡೆಯಿಲ್ಲ. ಹಣವು ನೇರವಾಗಿ ಶುಲ್ಕದ ಖಾತೆಗೂ ವಿದ್ಯಾರ್ಥಿನಿಲಯಕ್ಕೂ ಸಂದಾಯವಾಗಲಿ, ಹೆಸರು ಮಂಡಳಿಯ ಮೂವರ ಹೊರತು ಬೇರೆಯವರಿಗೆ ತಿಳಿಯದಿರಲಿ. ದಾತೃವಿನ ಗುಣಗಳಲ್ಲಿ ಆಚಾರ್ಯರು ವಿಜ್ಞಾನವನ್ನೂ ಎಣಿಸಿದ್ದಾರೆ. ತೆಗೆದುಕೊಳ್ಳುವವರಿಗೆ ಯಾವಾಗ ಏನು ಬೇಕೆಂಬ ಅರಿವು ಅದು. ಓದುವವಳಿಗೆ ಶುಲ್ಕವೊಂದೇ ಖರ್ಚಲ್ಲ. ಪುಸ್ತಕ, ಪ್ರಯೋಗಶಾಲೆಯ ಸಾಮಗ್ರಿ, ಪ್ರಬಂಧದ ಅಚ್ಚು, ಪರೀಕ್ಷೆಗೆ ದೂರದ ಊರಿಗೆ ಪಯಣ, ಸಂಜೆ ಊಟ ಬಿಟ್ಟವಳಿಗೆ ಸೂರ್ಯಾಸ್ತದೊಳಗೆ ಊಟ ಸಿಗುವ ಒಂದು ವಸತಿ. ಕೊನೆಯದು ನಮಗೇ ತಿಳಿಯುವ ಕಷ್ಟ. ಹೊರಗಿನ ದಾನಿ ಅದನ್ನು ಊಹಿಸಲಾರ.

ಹಿಂದಿನ ತಲೆಮಾರಿನ ದಾನಿಗಳಿಗೆ ಈ ಅರಿವಿತ್ತು. ಮುಂಬಯಿಯ ದಾನವೀರ ಸೇಠ್ ಮಾಣಿಕಚಂದ್ ಹೀರಾಚಂದ್ ಜವೇರಿಯವರು ಊರೂರುಗಳಲ್ಲಿ ಜೈನ ವಿದ್ಯಾರ್ಥಿನಿಲಯಗಳಿಗೆ ನೆರವಾದರು. ಅವರ ಮಗಳು ಮಗನಬಾಯಿ ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದಾಗ ತಂದೆ ಅವಳನ್ನು ಮೂಲೆಗೆ ಕೂರಿಸಲಿಲ್ಲ, ಓದಿಸಿದರು. ಆಕೆ ಮುಂಬಯಿಯಲ್ಲಿ ಶ್ರಾವಿಕಾಶ್ರಮವನ್ನು ನಡೆಸಿ ನೂರಾರು ಹೆಂಗಸರ ಕೈಗೆ ಅಕ್ಷರ ಕೊಟ್ಟರು. ಬಿಹಾರದ ಆರಾ ನಗರದಲ್ಲಿ ಪಂಡಿತೆ ಚಂದಾಬಾಯಿಯವರು 1921ರಲ್ಲಿ ಜೈನ ಬಾಲಾವಿಶ್ರಾಮವನ್ನು ತೆರೆದರು. ಸೊಲ್ಲಾಪುರದಲ್ಲಿ ಪಂಡಿತೆ ಸುಮತಿಬಾಯಿ ಶಹಾ ಅವರ ಸೇವೆ ನಮ್ಮ ಗಡಿನಾಡಿನ ಮನೆಗಳಿಗೆಲ್ಲ ಪರಿಚಿತ. ನಿಪ್ಪಾಣಿಯ ಹತ್ತಿರದ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ವಿದ್ಯಾರ್ಥಿನಿಲಯಗಳಲ್ಲಿ ಉಂಡು ಓದಿದವರ ಮಕ್ಕಳು ಮೊಮ್ಮಕ್ಕಳು ಈ ಪತ್ರಿಕೆಯ ಓದುಗರಲ್ಲಿಯೂ ಇದ್ದಾರು. ಸಾತಾರೆಯಲ್ಲಿ ಕರ್ಮವೀರ ಭಾವೂರಾವ್ ಪಾಟೀಲರು ಬಡ ಹುಡುಗರನ್ನು ಕೂಡಿಹಾಕಿಕೊಂಡು ನಡೆಸಿದ ವಸತಿಗೃಹದಲ್ಲಿ ದಿನಸಿ ಮುಗಿದಾಗ, ಅವರ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಕೊಟ್ಟು, ಕಡೆಗೆ ಮಂಗಳಸೂತ್ರವನ್ನೂ ಬಿಚ್ಚಿಕೊಟ್ಟರು. ಆಕೆಯೂ ಜೈನ ಮನೆತನದ ಗೃಹಿಣಿ.

ಆ ಕಾಲದ ಅಗತ್ಯ ಅಕ್ಷರ. ಆ ಕೆಲಸ ಬಹುಮಟ್ಟಿಗೆ ಆಗಿದೆ. 2011ರ ಜನಗಣತಿಯಲ್ಲಿ ದೇಶದ ಧರ್ಮಸಮುದಾಯಗಳಲ್ಲೆಲ್ಲ ಅಕ್ಷರಸ್ಥರ ಪ್ರಮಾಣ ಅತ್ಯಧಿಕವಾಗಿದ್ದುದು ಜೈನರಲ್ಲಿ. ಈ ಅಂಕಿಯನ್ನು ಸಭೆಗಳಲ್ಲಿ ಹೇಳಿ ಕೈತಟ್ಟಿಸಿಕೊಳ್ಳುವುದು ನಮಗೆ ರೂಢಿಯಾಗಿದೆ. ಆದರೆ ನಗರದ ವ್ಯಾಪಾರಿ ಮನೆಯನ್ನೂ ಘಟಪ್ರಭೆಯ ದಂಡೆಯ ರೈತನ ಮನೆಯನ್ನೂ ಕೂಡಿಸಿ ಮಾಡಿದ ಸರಾಸರಿಯಲ್ಲಿ ರೈತನ ಮಗಳು ಕಾಣದೆಹೋಗುತ್ತಾಳೆ. ಸರ್ಕಾರದ ನೆರವನ್ನೇ ನಂಬುವಂತೆಯೂ ಇಲ್ಲ. 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಸಾರಲಾಯಿತು. ಅಲ್ಪಸಂಖ್ಯಾತ ಸಂಶೋಧಕರಿಗಾಗಿ 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪು ನಮ್ಮ ಮಕ್ಕಳಿಗೂ ದೊರೆಯುವಂತಾಯಿತು. 2022–23ರಿಂದ ಅದನ್ನು ನಿಲ್ಲಿಸಲಾಯಿತು. ಸರ್ಕಾರದ ಯೋಜನೆ ಬರುತ್ತದೆ, ಹೋಗುತ್ತದೆ. ಪಿಎಚ್.ಡಿ. ಪದವಿಗೆ ಬೇಕಾದ ನಾಲ್ಕೈದು ವರ್ಷ ಎಡೆಬಿಡದೆ ನಿಲ್ಲುವ ಆಸರೆ ಮನೆಮನೆಯ ವ್ರತದಿಂದ ಬರಬೇಕು. ವ್ರತಕ್ಕೆ ನಡುವೆ ನಿಲ್ಲುವ ಅಭ್ಯಾಸವಿಲ್ಲ.

ದಾನ ಬೇಡ, ಸಾಲವಾಗಿ ಕೊಡೋಣ ಎನ್ನುವವರಿದ್ದಾರೆ. ಜಮ್‌ಶೇಟ್‌ಜಿ ಟಾಟಾ ಅವರು 1892ರಲ್ಲಿ ಹೊರದೇಶದ ಉನ್ನತ ವ್ಯಾಸಂಗಕ್ಕೆ ಇಟ್ಟ ನಿಧಿ ಸಾಲರೂಪದ್ದೇ. ಅದರ ನೆರವು ಮೊದಮೊದಲು ಪಡೆದವರಲ್ಲಿ ಫ್ರೇನಿ ಕಾಮಾ, ಕೊಲ್ಲಾಪುರದ ಕೃಷ್ಣಾಬಾಯಿ ಕೇಳವಕರ ಎಂಬ ಇಬ್ಬರು ವೈದ್ಯೆಯರಿದ್ದರೆಂಬುದು ಗಮನಿಸತಕ್ಕದ್ದು. ಮರಳಿ ಬಂದ ಹಣ ಇನ್ನೊಬ್ಬರಿಗೆ ಸಲ್ಲುತ್ತದೆ, ಪಡೆದವರ ಸ್ವಾಭಿಮಾನವೂ ಉಳಿಯುತ್ತದೆ. ವೈದ್ಯ, ತಂತ್ರವಿದ್ಯೆಗಳಂಥ ಗಳಿಕೆಯ ವಿದ್ಯೆಗೆ ಈ ಮಾರ್ಗ ಒಪ್ಪುವಂತಿದೆ. ಆದರೆ ಶಾಸ್ತ್ರದೃಷ್ಟಿಯಲ್ಲಿ ತನ್ನದನ್ನು ತಾನು ಬಿಟ್ಟುಕೊಡದೆ ಇದ್ದರೆ ಅದು ದಾನವಾಗದು, ಉಪಕಾರವಾದೀತು. ಪ್ರಾಕೃತವನ್ನೋ ಹಳಗನ್ನಡವನ್ನೋ ಓದುವವಳ ಮೇಲೆ ಸಾಲದ ಪತ್ರ ಹೊರಿಸುವುದು ನನಗೆ ಸಮ್ಮತವಲ್ಲ. ಮದುವೆಯ ಮಾತು ಬಂದಾಗ ಆ ಪತ್ರವೇ ಅವಳಿಗೆ ಅಡ್ಡಬರುತ್ತದೆ.

ಮದುವೆಯ ಮಾತು ಬಂದುದರಿಂದ ಇದನ್ನೂ ಹೇಳಿಬಿಡಬೇಕು. ಹೆಣ್ಣುಮಕ್ಕಳು ಹೆಚ್ಚು ಓದಿದ್ದರಿಂದ ನಮ್ಮ ರೈತರ ಮನೆಯ ಗಂಡುಮಕ್ಕಳಿಗೆ ಕನ್ಯೆ ಸಿಗುತ್ತಿಲ್ಲವೆಂದು ಹಿರಿಯರು ಕೊರಗುತ್ತಾರೆ. ಕೊರಗು ನಿಜವಾದುದು, ಮೂವತ್ತೈದು ದಾಟಿದ ಗಂಡುಮಕ್ಕಳಿರುವ ಮನೆಯ ತಾಯಿಯ ಸಂಕಟವನ್ನು ಹಗುರ ಮಾಡಿ ನುಡಿಯಲಾಗದು. ಆದರೆ ಮಗಳ ಓದನ್ನು ಮೊಟಕುಮಾಡುವುದು ಇದಕ್ಕೆ ಮದ್ದಾಗದು. ಮಗನು ಓದನ್ನು ಅರ್ಧಕ್ಕೆ ಬಿಟ್ಟಾಗ ನಾವು ಏಕೆ ಸುಮ್ಮನಿದ್ದೆವೆಂದು ಮೊದಲು ಕೇಳಿಕೊಳ್ಳಬೇಕಾಗಿದೆ. ಮದುವೆಯಾದ ಮೇಲೆ ಓದನ್ನು ಮುಂದುವರಿಸಬಯಸುವ ಸೊಸೆಯೂ, ಪತಿವಿಯೋಗವಾದ ತರುಣಿಯೂ ಈ ವೇತನಕ್ಕೆ ಸಮಾನ ಪಾತ್ರರು. ಕನ್ಯೆಯರಿಗೆ ಮಾತ್ರ ಎಂಬ ನಿಯಮವನ್ನು ಕೆಲವೆಡೆ ಕಂಡಿದ್ದೇನೆ; ಅದಕ್ಕೆ ಯಾವ ಶಾಸ್ತ್ರಾಧಾರವೂ ಇಲ್ಲ.

ದ್ರವ್ಯ ಎಲ್ಲಿಂದ ಬರಬೇಕು? ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎರಡೂ ಒಂದರ ಪಕ್ಕದಲ್ಲೊಂದಿವೆ. ದಶಲಕ್ಷಣದಲ್ಲಿಯೂ ಏಳನೆಯ ದಿನ ತಪ, ಎಂಟನೆಯ ದಿನ ತ್ಯಾಗ. ಒಂದರಲ್ಲಿ ತ್ಯಾಗ ಮುಂದೆ, ಇನ್ನೊಂದರಲ್ಲಿ ತಪ ಮುಂದೆ. ಎರಡರಲ್ಲಿಯೂ ಅವು ಬಿಟ್ಟಿರುವುದಿಲ್ಲ. ಉಪವಾಸದ ದಿನ ಉಳಿದ ಅನ್ನ ನಮ್ಮದಲ್ಲವೆಂದು ತಿಳಿಯೋಣ. ತಿಂಗಳಿಗೆ ಎರಡು ಅಷ್ಟಮಿ, ಎರಡು ಚತುರ್ದಶಿ. ವರ್ಷಕ್ಕೆ 48 ದಿನ. ಒಂದು ದಿನದ ಆಹಾರಕ್ಕೆ 50 ರೂಪಾಯಿಯೆಂದಿಟ್ಟುಕೊಂಡರೆ ಒಬ್ಬರಿಂದ 2400 ರೂಪಾಯಿ. ಉಪವಾಸ ಮಾಡುವ 20 ಮಂದಿ ಒಂದು ಬಸದಿಯ ಸುತ್ತ ಇದ್ದರೆ 48,000 ರೂಪಾಯಿ. ಪರ್ವ ತಿಥಿಗಳ ಉಪವಾಸದಿಂದಲೇ ಇಷ್ಟಾಯಿತು, ಉಜ್ಜವಣೆಯ ದ್ರವ್ಯವನ್ನು ಇನ್ನೂ ಮುಟ್ಟಿಲ್ಲ. ಅನಂತನ ನೋಂಪಿಯನ್ನು ಹಿಡಿದ ಸ್ಥಿತಿವಂತ ಮನೆಯೊಂದು ಉಜ್ಜವಣೆಯ ವೆಚ್ಚವನ್ನು ಕೊನೆಯ ವರ್ಷಕ್ಕೆ ಕೂಡಿಡದೆ ಹಿಡಿದ ವರ್ಷದಿಂದಲೇ ಹಂಚಿಕೊಂಡು ಬಂದರೆ, ಸ್ನಾತಕೋತ್ತರ ವ್ಯಾಸಂಗ ಎರಡು ವರ್ಷದ್ದಾದುದರಿಂದ, 14 ವರ್ಷಗಳಲ್ಲಿ ಏಳು ಹೆಣ್ಣುಮಕ್ಕಳು ಒಬ್ಬರಾದ ಮೇಲೊಬ್ಬರು ಓದು ಮುಗಿಸುತ್ತಾರೆ. ಹಬ್ಬದಡುಗೆಯನ್ನು ಬಿಡಬೇಕೆಂದು ಯಾರಿಗೂ ಹೇಳುತ್ತಿಲ್ಲ. ಚತುಸ್ಸಂಘಕ್ಕೆ ಆಹಾರವಾಗಲಿ, ಪೂಜೆ ಸಾಂಗವಾಗಲಿ. ಪಾತ್ರೆ, ಫಲಕ, ದೀಪಾಲಂಕಾರಗಳ ಬಾಬ್ತು ಒಂದನ್ನು ಈ ಕಡೆಗೆ ತಿರುಗಿಸಿದರೂ ಸಾಕು.

ಕಾಲವನ್ನೂ ನಮ್ಮ ಹಿರಿಯರು ಗೊತ್ತುಮಾಡಿಯೇ ಇಟ್ಟಿದ್ದಾರೆ. ಜ್ಯೇಷ್ಠ ಶುದ್ಧ ಪಂಚಮಿಯು ಶ್ರುತಪಂಚಮಿ. ಪದವಿ ಪರೀಕ್ಷೆಗಳು ಮುಗಿಯುತ್ತಿರುವ, ಸ್ನಾತಕೋತ್ತರ ಪ್ರವೇಶದ ಅರ್ಜಿಗಳು ಇನ್ನೇನು ಬರಲಿರುವ ಹೊತ್ತು ಅದು. ಅಂದು ಬಸದಿಯಲ್ಲಿ ಶ್ರುತಪೂಜೆಯಾದ ಮೇಲೆ, ನೋಂಪಿ ನಡೆಸುತ್ತಿರುವ ಶ್ರಾವಿಕೆಯರು ಮೂವರು ಕುಳಿತು, ಆ ವರ್ಷ ಊರಿನಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಪದವಿ ಮುಗಿಸಿದ ಹುಡುಗಿಯರು ಯಾರುಯಾರೆಂದು ಪಟ್ಟಿ ಮಾಡಬೇಕು. ಅವರ ಮನೆಗೆ ತಾವೇ ಹೋಗಬೇಕು. ಅವರನ್ನು ಅರ್ಜಿ ಹಿಡಿದು ಬರಹೇಳಬಾರದು. ಸಂಜೆಯ ದೀಪಕ್ಕೆ ಮುಂಚೆ ಹೋಗಿ, ತಾಯಿಯೊಡನೆ ಒಳಗೆ ಕುಳಿತು, ಮಗಳು ಮುಂದೆ ಏನು ಓದಬೇಕೆಂದಿದ್ದಾಳೆ, ಎಲ್ಲಿ, ಯಾವ ದಿನದೊಳಗೆ ಎಷ್ಟು ಕಟ್ಟಬೇಕು ಎಂದು ಕೇಳಿಕೊಂಡು ಬರಬೇಕು. ಆ ದಿನಾಂಕವನ್ನು ಬಸದಿಯ ಪಂಚಾಂಗದಲ್ಲಿ, ಅಷ್ಟಾಹ್ನಿಕದ ದಿನಗಳನ್ನು ಗುರುತಿಸುವ ಅದೇ ಶಾಯಿಯಿಂದ, ಗುರುತು ಹಾಕಿಟ್ಟುಕೊಳ್ಳಬೇಕು.